ಕೂಸಿನ ತೂಕ ಕೇಳಿದಿರಿ, ತಾಯಿಯನ್ನು ಕೇಳಿದಿರಾ?

ಬಾಣಂತಿ ಇರುವ ಮನೆಗೆ ಹೋದವರು ನಮ್ಮ ಕಡೆ ಏನೇನು ಕೇಳುತ್ತಾರೆ, ಸುಮ್ಮನೆ ನೆನಪು ಮಾಡಿಕೊಳ್ಳಿ. ಗಂಡೋ ಹೆಣ್ಣೋ? ಎಷ್ಟು ತೂಕ ಐತೆ? ನಾರ್ಮಲ್ಲೋ ಸಿಜೇರಿಯನ್ನೋ? ಹಾಲು ಸಾಕಾಗ್ತದಾ? ಯಾರ ಹೋಲಿಕೆ? ಇಷ್ಟಾದ ಮೇಲೆ ಕೂಸಿನ ಮುಷ್ಟಿಗೆ ನೂರು ರೂಪಾಯಿ ತುರುಕಿ, ಕಾಫಿ ಕುಡಿದು ಎದ್ದು ಬರುತ್ತೇವೆ. ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಗೋಡೆಗೆ ಮುಖ ಮಾಡಿ ಮಲಗಿದವಳು ಅಷ್ಟು ಹೊತ್ತೂ ನಮ್ಮ ಎದುರಿಗೇ ಇದ್ದಳು. ಯಾರೋ ಪುಣ್ಯಾತ್ಮರು "ನಿನಗೆ ಹೆಂಗೈತವ್ವ" ಎಂದು ಕೇಳಿದ್ದರೂ ಉತ್ತರ ಬಂದದ್ದು ಪಕ್ಕದಲ್ಲಿ ಕೂತ ಅತ್ತೆಯಿಂದಲೋ ಅಮ್ಮನಿಂದಲೋ: "ಚೆನ್ನಾಗವ್ಳೆ, ಅವಳಿಗೇನು."

ಅವಳಿಗೆ ಏನೋ ಆಗಿರಬಹುದು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಎಲ್ಲ ಬಾಣಂತಿಯರಿಗೂ ಅಲ್ಲ. ಆದರೆ ನಾವು ಅಂದುಕೊಂಡಿರುವುದಕ್ಕಿಂತ ಬಹಳ ಹೆಚ್ಚು ಜನಕ್ಕೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಲೇಖನ ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಇಪ್ಪತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿತು. ಹೆರಿಗೆಯ ನಂತರದ ಖಿನ್ನತೆ ಕಂಡುಬಂದದ್ದು ಶೇ 22 ಮಂದಿಯಲ್ಲಿ. ಹಿರಿಯೂರಿನದೋ ಹೊಳಲ್ಕೆರೆಯದೋ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಹೋಗಿ ಸಾಲಾಗಿ ಐದು ಮಂಚ ಎಣಿಸಿ. ದೇಶದ ಲೆಕ್ಕವೇ ನಮ್ಮದೂ ಆಗಿದ್ದರೆ ಆ ಐವರಲ್ಲಿ ಒಬ್ಬಳು.

ಹೆತ್ತ ಮೂರನೇ ನಾಲ್ಕನೇ ದಿನಕ್ಕೆ ಕಾರಣವಿಲ್ಲದೆ ಅಳು ಉಕ್ಕುವುದು, ಸಣ್ಣದಕ್ಕೂ ಸಿಡುಕುವುದು ಬಹುತೇಕ ತಾಯಂದಿರಿಗೆ ಇದ್ದದ್ದೇ. ಹತ್ತು ಹದಿನೈದು ದಿನದಲ್ಲಿ ತಾನಾಗಿ ಇಳಿಯುತ್ತದೆ. ಹೊತ್ತಿಗೆ ಸರಿಯಾಗಿ ಊಟ, ಒಂದಿಷ್ಟು ನಿದ್ದೆ, ಬೈಯದೆ ಹತ್ತಿರ ಇರುವ ಒಂದು ಜೀವ ಇದ್ದರೆ ಸಾಕು. ಎರಡು ವಾರ ಕಳೆದರೂ ಅದು ಇಳಿಯದೆ ಇನ್ನಷ್ಟು ಗಟ್ಟಿಯಾಗುತ್ತಾ ಹೋದರೆ, ಕೂಸು ಮಲಗಿದ್ದಾಗಲೂ ಅವಳ ಕಣ್ಣಿಗೆ ನಿದ್ದೆ ಹತ್ತದಿದ್ದರೆ, ತಟ್ಟೆ ಮುಂದೆ ಇಟ್ಟರೂ ತುತ್ತು ಇಳಿಯದಿದ್ದರೆ, ತಾನು ಹೆತ್ತ ಮಗುವನ್ನೇ ಯಾರದೋ ಮಗು ಎಂಬಂತೆ ನೋಡುತ್ತಿದ್ದರೆ, "ನಾನು ತಾಯಿಯಾಗೋಕೆ ಲಾಯಕ್ಕಿಲ್ಲ" ಎಂಬ ಮಾತು ಮತ್ತೆ ಮತ್ತೆ ಬರುತ್ತಿದ್ದರೆ, ಅದು ಖಿನ್ನತೆ. ಇನ್ನೊಂದು ಇದಕ್ಕಿಂತ ತೀವ್ರವಾದದ್ದು, ಸಾವಿರ ತಾಯಂದಿರಲ್ಲಿ ಒಬ್ಬಿಬ್ಬರಿಗೆ ಬರುವಂಥದ್ದು. ಹೆರಿಗೆಯಾದ ಮೊದಲ ಎರಡು ವಾರದೊಳಗೇ ನಿದ್ದೆ ಪೂರ್ತಿ ಹಾರಿಹೋಗಿ, ಇಲ್ಲದ ದನಿ ಕೇಳಿ, ಅಸಂಬದ್ಧ ಮಾತು ಶುರುವಾಗುತ್ತದೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಹೆದರುತ್ತಿದ್ದುದು ಇದಕ್ಕೇ. ಇದಕ್ಕೆ ಅಂದೇ, ಆ ಹೊತ್ತೇ ಆಸ್ಪತ್ರೆ ಬೇಕು. ತಾಯತ ಕಟ್ಟಿಸಿಕೊಂಡು ಬಂದು ಆಮೇಲೆ ನೋಡೋಣ ಎನ್ನುವಷ್ಟು ಸಮಯ ಅದು ಕೊಡುವುದಿಲ್ಲ.

ಸನ್ನಿಗಾದರೂ ಹಿರಿಯರು ಹೆದರಿದರು. ಖಿನ್ನತೆಗೆ ಹೆದರಲೇ ಇಲ್ಲ, ಬೈದರು. ಕೊಬ್ಬು, ಸೋಮಾರಿತನ, ತವರಿನ ಸಲಿಗೆ, ಗಾಳಿ ಸೋಕಿದ್ದು. "ನಾವ್ಯಾರೂ ಹೆತ್ತಿಲ್ವಾ? ಹೆತ್ತು ಮೂರನೇ ದಿನಕ್ಕೆ ಹೊಲಕ್ಕೆ ಹೋಗಿದ್ವಿ" ಎನ್ನುವ ಮಾತನ್ನು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಕೇಳದೆ ಬಾಣಂತನ ಮುಗಿಸಿದ ಹೆಣ್ಣುಮಗಳು ಇದ್ದರೆ ಅವಳು ಅದೃಷ್ಟವಂತೆ. ಹೊಲಕ್ಕೆ ಹೋದದ್ದು ನಿಜವಿರಬಹುದು, ತಾಯಿ. ಬದುವಿನ ಮೇಲೆ ಕೂತು ಒಬ್ಬರೇ ಅತ್ತದ್ದೂ ನಿಜವಿರಬಹುದಲ್ಲ? ನಿಮ್ಮನ್ನೂ ಯಾರೂ ಕೇಳಲಿಲ್ಲ. ಅದನ್ನೇ ಸಂಪ್ರದಾಯ ಮಾಡಿ ಸೊಸೆಗೆ ದಾಟಿಸಬೇಕೆ?

ಇನ್ನು ಹಟ್ಟಿಗಳ ಮಾತಿಗೆ ಬರುತ್ತೇನೆ. ಆಡಲೇಬೇಕಾದ ಮಾತು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಆಚೆ ಚಳ್ಳಕೆರೆ, ಶಿರಾದವರೆಗೂ ಕಾಡುಗೊಲ್ಲರ ಹಟ್ಟಿಗಳಿವೆ. ಹೆತ್ತವಳು ಸೂತಕ, ಹಟ್ಟಿಯ ದೇವರಿಗೆ ಮೈಲಿಗೆ ತಾಗಬಾರದು ಎಂದು ತಾಯಿ-ಕೂಸನ್ನು ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇಡುವ ಪದ್ಧತಿ ಅಲ್ಲಿ ತಲೆಮಾರುಗಳಿಂದ ಬಂದದ್ದು. ಹಿಂದೆ ತಿಂಗಳುಗಟ್ಟಲೆ ಇಡುತ್ತಿದ್ದರು. ಈಗ ಎಷ್ಟೋ ಕಡೆ ದಿನಗಳು ಕಡಿಮೆಯಾಗಿವೆ, ಓದಿದ ಹುಡುಗರು ಬಿಟ್ಟೇಬಿಟ್ಟ ಮನೆಗಳೂ ಇವೆ. ಇನ್ನೂ ಬಿಡದ ಕಡೆ ಆ ಗುಡಿಸಲು ಹೇಗಿರುತ್ತದೆ? ನಾಲ್ಕು ಗೂಟ, ಮೇಲೆ ತೆಂಗಿನ ಗರಿಯೋ ಸೋಗೆಯೋ, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ಒಳಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಊಟ ತಂದವರು ದೂರದಲ್ಲಿಟ್ಟು ಹೋಗುತ್ತಾರೆ, ಮುಟ್ಟುವುದಿಲ್ಲ. ಹೊಲಿಗೆ ಹಸಿ ಇರುವ ಹೆಂಗಸು ಬಗ್ಗಿ ಹೊರಬಂದು ಆ ತಟ್ಟೆ ಎತ್ತಿಕೊಳ್ಳಬೇಕು. ರಾತ್ರಿ ಕೂಸು ಕಿರುಚಿದರೆ ಎದೆಗೊತ್ತಿಕೊಂಡು ಕತ್ತಲಲ್ಲಿ ಕೂರಬೇಕು. ನಮ್ಮ ಬಯಲುಸೀಮೆಯ ಗಾಳಿ ಎಂಥದ್ದೆಂದು ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ.

2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಇಂಥದ್ದೇ ಗುಡಿಸಲಲ್ಲಿದ್ದ ಹಸುಗೂಸು ಮಳೆ-ಚಳಿಗೆ ಕಾಯಿಲೆ ಬಿದ್ದು ತೀರಿಕೊಂಡಿತು. ಅಧಿಕಾರಿಗಳು ಬಂದರು, ನ್ಯಾಯಾಧೀಶರು ಬಂದರು, ಪೊಲೀಸರು ಪ್ರಕರಣ ದಾಖಲಿಸಿದರು, ಪತ್ರಿಕೆಗಳು ಬರೆದವು. ಎಲ್ಲವೂ ಆಗಬೇಕಾದದ್ದೇ. ಆದರೆ ಕೂಸು ಹೋದ ಮೇಲೂ ಉಳಿದ ಆ ತಾಯಿಯ ಮನಸ್ಸು ಏನಾಯಿತು ಎಂದು ಸುದ್ದಿ ಓದಿದ ನಮ್ಮಲ್ಲಿ ಎಷ್ಟು ಜನ ಯೋಚಿಸಿದೆವು?

ಖಿನ್ನತೆಯ ಮೊದಲ ಕೆಲಸವೇ ಮನಸ್ಸಿನಲ್ಲಿ ತಪ್ಪಿತಸ್ಥ ಭಾವ ಬಿತ್ತುವುದು. ನೀನು ಕೆಟ್ಟ ತಾಯಿ, ನಿನ್ನಿಂದ ಏನೂ ಆಗದು ಎಂದು ಅದು ಒಳಗಿನಿಂದ ಹೇಳುತ್ತಿರುತ್ತದೆ. ಹೊರಗಿನಿಂದ ಊರೇ ನಿಂತು "ನೀನು ಮೈಲಿಗೆ, ನೀನು ಒಳಗೆ ಬಂದರೆ ದೇವರು ಮುನಿಯುತ್ತದೆ, ದನಕುರಿಗೆ ಕೇಡು" ಎಂದರೆ ಅವಳು ಯಾವ ದನಿಯನ್ನು ಸುಳ್ಳೆನ್ನಬೇಕು? ಎರಡೂ ಒಂದನ್ನೇ ಹೇಳುತ್ತಿವೆ.

ಗರ್ಭಿಣಿಯರನ್ನು, ಮುಟ್ಟಾದವರನ್ನು ಬಲವಂತವಾಗಿ ಊರಿಂದ ಹೊರಗಿಡುವುದು ನಮ್ಮ ರಾಜ್ಯದಲ್ಲಿ ಅಪರಾಧ. 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ನಿರ್ಮೂಲನಾ ಕಾಯ್ದೆಯಲ್ಲಿ ಅದು ಸೇರಿದೆ, 2020ರಿಂದ ಜಾರಿಯಲ್ಲಿದೆ. ಇತ್ತ ಸರ್ಕಾರವೇ ಎಷ್ಟೋ ಹಟ್ಟಿಗಳ ಅಂಚಿನಲ್ಲಿ ಕೃಷ್ಣ ಕುಟೀರ, ಮಹಿಳಾ ಭವನ ಎಂದು ಕಟ್ಟಡ ಎಬ್ಬಿಸಿತು. ಮಳೆಯಲ್ಲಿ ನೆನೆಯುವುದು ತಪ್ಪಲಿ ಎಂಬ ಕರುಣೆ ಅದರ ಹಿಂದೆ ಇದ್ದೀತು, ಅಲ್ಲಗಳೆಯುವುದಿಲ್ಲ. ಆದರೂ ನನ್ನ ಮಟ್ಟಿಗೆ ಅದು ಹೊರಗಟ್ಟುವುದಕ್ಕೆ ಸಿಮೆಂಟು ಹಾಕಿಕೊಟ್ಟ ಕೆಲಸ. ಹೆತ್ತವಳಿಗೆ ಬೇಕಿರುವುದು ಅವಳದೇ ಮನೆ, ಅವಳದೇ ಜನ.

ಪೇಟೆಯವರು ಇದನ್ನು ಓದಿ "ಅಯ್ಯೋ, ಇನ್ನೂ ಹಿಂಗೈತಾ" ಎಂದು ಲೊಚಗುಟ್ಟುವುದು ಬೇಡ. ಹಟ್ಟಿಯ ಗುಡಿಸಲು ಕಣ್ಣಿಗೆ ಕಾಣುತ್ತದೆ, ಫೋಟೊಗೆ ಸಿಗುತ್ತದೆ. ಚಿತ್ರದುರ್ಗದ ಬಡಾವಣೆಯ ಮನೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಸಾಂಬ್ರಾಣಿ ಹೊಗೆಯಲ್ಲಿ ಐದು ತಿಂಗಳು ಕೂಡಿಟ್ಟ ಬಾಣಂತಿ ಕೋಣೆ ಯಾವ ಫೋಟೊದಲ್ಲೂ ಬರುವುದಿಲ್ಲ. ಅಲ್ಲಿ ಮೈಲಿಗೆ ಎನ್ನುವುದಿಲ್ಲ, ಶೀತ ಆಗುತ್ತೆ ಎನ್ನುತ್ತಾರೆ. ಒಂಟಿತನ ಮಾತ್ರ ಅದೇ.

ಬಾಣಂತನವೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಎಣ್ಣೆ ತಿಕ್ಕಿ ಸುಡುನೀರು ಹಾಕುವ ಅಜ್ಜಿ, ಬೆಳ್ಳುಳ್ಳಿ ಸಾರು, ಬಾಣಂತಿ ಖಾರ, ರಾತ್ರಿ ಕೂಸನ್ನು ಎತ್ತಿಕೊಳ್ಳುವ ಇನ್ನೊಂದು ಕೈ — ಇವೆಲ್ಲ ಇರುವ ಮನೆಯಲ್ಲಿ ಬಾಣಂತನದಷ್ಟು ದೊಡ್ಡ ಔಷಧ ಇನ್ನೊಂದಿಲ್ಲ. ಆದರೆ ಈಗ ತವರಲ್ಲಿ ಯಾರಿದ್ದಾರೆ? ಹೊಳಲ್ಕೆರೆ ಕಡೆ ಅಡಿಕೆ ಸುಲಿಯುವ ಕಾಲ ಬಂತೆಂದರೆ ತಾಯಿ ಬೆಳಿಗ್ಗೆಯೇ ಕತ್ತಿ ಹಿಡಿದು ಹೊರಡುತ್ತಾಳೆ. ಹಿರಿಯೂರು ಕಡೆ ಈರುಳ್ಳಿ ಕೀಳುವ ಕೂಲಿ, ಹೊಸದುರ್ಗದ ಕಡೆ ದಾಳಿಂಬೆ ತೋಟ. ಎಂಟು ಗಂಟೆಗೆ ಮನೆ ಖಾಲಿ. ಮುದ್ದೆ ಮಾಡಿ ಮುಚ್ಚಿಟ್ಟು ಹೋಗಿರುತ್ತಾರೆ. ಸಂಜೆವರೆಗೆ ಬಾಣಂತಿ, ಕೂಸು, ಒಂದು ಮೊಬೈಲು. ನಿಷೇಧಗಳೆಲ್ಲ ಉಳಿದವು, ಜನ ಮಾತ್ರ ಹೋದರು.

ಹುಟ್ಟಿದ್ದು ಹೆಣ್ಣಾದರಂತೂ ಇನ್ನೊಂದು ಕಥೆ. 2002ರಲ್ಲಿ ಪ್ರಕಟವಾದ ಗೋವಾದ ಅಧ್ಯಯನದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಹೆರಿಗೆಯಾಗಿ ಆರೆಂಟು ವಾರ ಕಳೆದ ತಾಯಂದಿರನ್ನು ನೋಡಿದರು. ಶೇ 23 ಮಂದಿಗೆ ಖಿನ್ನತೆ ಇತ್ತು. ಬಡತನ, ಗಂಡನೊಂದಿಗೆ ಹದಗೆಟ್ಟ ಸಂಬಂಧ, ಇವುಗಳ ಜೊತೆಗೆ ಹುಟ್ಟಿದ ಕೂಸು ಹೆಣ್ಣಾಗಿರುವುದೂ ತಾಯಿಯ ಖಿನ್ನತೆಯ ಅಪಾಯವನ್ನು ಹೆಚ್ಚಿಸುತ್ತಿತ್ತು. ಹೆಣ್ಣು ಹುಟ್ಟಿತೆಂದು ಆಸ್ಪತ್ರೆ ಮೆಟ್ಟಿಲಲ್ಲಿ ಮುಖ ಸಿಂಡರಿಸಿದ ಪ್ರತಿಯೊಬ್ಬರೂ ಒಬ್ಬ ತಾಯಿಯ ಕಾಯಿಲೆಗೆ ತಮ್ಮ ಪಾಲು ಕೊಟ್ಟಿದ್ದಾರೆ ಎಂದು ಇದರ ಅರ್ಥ.

ಹಾಗೆಂದು ಇದು ಬಡವರ, ಓದದವರ ಕಾಯಿಲೆಯಲ್ಲ. 2022ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮಾಜಿ ಮುಖ್ಯಮಂತ್ರಿಯೊಬ್ಬರ ಮನೆತನದ ಎಳೆಯ ತಾಯಿ, ಸ್ವತಃ ವೈದ್ಯೆ, ಜೀವ ಕಳೆದುಕೊಂಡಾಗ ಹೆರಿಗೆ ನಂತರದ ಖಿನ್ನತೆಯ ಮಾತು ಸಚಿವರ ಬಾಯಲ್ಲೇ ಬಂತು. ನಾಲ್ಕು ದಿನ ಟಿವಿಗಳು ಚರ್ಚೆ ಮಾಡಿದವು. ಆಮೇಲೆ ಬೇರೆ ಸುದ್ದಿ ಬಂತು.

ನಮ್ಮ ಚಿತ್ರದುರ್ಗ ಓಬವ್ವನ ಊರು. ಅವಳ ಹೆಸರಲ್ಲಿ ಕ್ರೀಡಾಂಗಣವಿದೆ, ನವೆಂಬರ್ 11ಕ್ಕೆ ಸರ್ಕಾರವೇ ಅವಳ ಜಯಂತಿ ಮಾಡುತ್ತದೆ. ಹಿರಿಯೂರಿನ ಮಾರಿಕಣಿವೆ ಜಲಾಶಯಕ್ಕಿರುವ ವಾಣಿವಿಲಾಸ ಎಂಬುದೂ ಎಳೆಯ ಮಗನ ಪರವಾಗಿ ಮೈಸೂರು ರಾಜ್ಯ ನಡೆಸಿದ ಒಬ್ಬ ತಾಯಿಯ ಹೆಸರೇ. ಹೆಣ್ಣಿನ ಹೆಸರಿಡುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಆದರೆ ಓಬವ್ವನ ಕಥೆಯನ್ನು ನಾವು ಹೇಗೆ ಹೇಳುತ್ತೇವೆ, ಗಮನಿಸಿ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ನೀರು ತರಲು ಹೋದವಳು ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರನ್ನು ಕಂಡಳು, ಉಣ್ಣುತ್ತಿರುವ ಗಂಡನನ್ನು ಎಬ್ಬಿಸಬಾರದೆಂದು ತಾನೇ ಒನಕೆ ಎತ್ತಿದಳು. ಶಾಲೆಯಲ್ಲಿ, ನಾಟಕದಲ್ಲಿ, ಭಾಷಣದಲ್ಲಿ ಎರಡು ನೂರು ಸಲ ಕೇಳಿದ್ದೇವೆ. ಅವಳ ಎದೆಗಾರಿಕೆಗೆ ಕೈಮುಗಿಯೋಣ. ಆದರೆ ಉಣ್ಣುವ ಗಂಡನನ್ನು ಎಬ್ಬಿಸದೇ ಇರುವುದನ್ನು ಸದ್ಗುಣ ಮಾಡಿ ಹೆಣ್ಣುಮಕ್ಕಳಿಗೆ ಕಲಿಸುವುದನ್ನು ಇನ್ನಾದರೂ ನಿಲ್ಲಿಸೋಣ. ರಾತ್ರಿ ಎರಡು ಗಂಟೆಗೆ ಕೂಸು ಹಿಡಿದುಕೊಂಡು ಕೂತ ಹೆಂಡತಿ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿರುವ ಗಂಡನನ್ನು ಎಬ್ಬಿಸಬೇಕು. "ನನಗೆ ಆಗ್ತಿಲ್ಲ" ಎನ್ನಬೇಕು. ಅವನು ಏಳಬೇಕು. ತವರಲ್ಲಿ ಬಿಟ್ಟು ಬಂದು ಹದಿನೈದು ದಿನಕ್ಕೊಮ್ಮೆ ಹಣ್ಣಿನ ಚೀಲ ಹಿಡಿದು ಅತಿಥಿಯ ಹಾಗೆ ಹೋಗಿ ಬರುವ ಗಂಡಂದಿರಿಗೂ ಈ ಮಾತು ಸೇರಿತು.

ಇದಕ್ಕೆ ಔಷಧ ಇಲ್ಲವೆಂದಿದ್ದರೆ ಇಷ್ಟು ಕೂಗುತ್ತಿರಲಿಲ್ಲ. ಇದು ವಾಸಿಯಾಗುವ ಕಾಯಿಲೆ. ಸ್ವಲ್ಪ ಮಟ್ಟಿಗೆ ಇದ್ದರೆ ಆಪ್ತ ಸಮಾಲೋಚನೆಯಲ್ಲೇ ಕಡಿಮೆಯಾಗುತ್ತದೆ. ಜಾಸ್ತಿ ಇದ್ದರೆ ಮಾತ್ರೆ ಬೇಕಾಗುತ್ತದೆ. ಹಾಲುಣಿಸುವ ತಾಯಿಗೆ ಕೊಡಬಹುದಾದ ಮಾತ್ರೆಗಳಿವೆ, ವೈದ್ಯರು ನೋಡಿ ಕೊಡುತ್ತಾರೆ. ಜೊತೆಗೆ ರಕ್ತಹೀನತೆ, ಥೈರಾಯ್ಡ್ ಇದೆಯೇ ಎಂದು ಪರೀಕ್ಷಿಸುತ್ತಾರೆ, ಏಕೆಂದರೆ ಅವೂ ಹೀಗೇ ಮಂಕು ಕವಿಸುತ್ತವೆ. "ಹುಚ್ಚಾಸ್ಪತ್ರೆಗೆ ಹಾಕಿ ಕೂಸನ್ನ ಕಿತ್ಕೊಳ್ತಾರೆ" ಎಂಬ ಭಯ ಬೇಡ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಅದೂ 2017ರದೇ, ಒಳರೋಗಿಯಾಗಿ ಚಿಕಿತ್ಸೆ ಪಡೆಯುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿ ನೋಡಿಕೊಳ್ಳುವ ವಿಭಾಗ 2009ರಿಂದ ಇದೆ. ಡಾ. ಪ್ರಭಾ ಚಂದ್ರ ಮತ್ತು ಅವರ ಸಂಗಡಿಗರು ಕಟ್ಟಿದ ಅದು ದೇಶದಲ್ಲೇ ಮೊದಲನೆಯದು.

ಬೆಂಗಳೂರು ಇನ್ನೂರು ಕಿಲೋಮೀಟರು, ಹೊಸದುರ್ಗದ ಒಳಹಳ್ಳಿಯವರು ಎಲ್ಲಿಗೆ ಹೋಗಬೇಕು ಎಂದು ಕೇಳುವಿರಿ. ಸರಿಯಾದ ಪ್ರಶ್ನೆ. ಹಳ್ಳಿಗೆ ಹತ್ತಿರವೇ ಮನೋಚಿಕಿತ್ಸೆ ಸಿಗಬೇಕು ಎಂಬ ಯೋಚನೆಯನ್ನು ದೇಶ ಮೊದಲು ಜಿಲ್ಲಾ ಮಟ್ಟದಲ್ಲಿ ಪ್ರಯೋಗ ಮಾಡಿ ನೋಡಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ, ಎಂಬತ್ತರ ದಶಕದಲ್ಲಿ. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜಿಲ್ಲೆಯ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಯೋಜನೆಯನ್ನು ನಮ್ಮ ರಾಜ್ಯ 2014ರಲ್ಲಿ ತಂದಿತು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿವರೆಗೂ ಕಾಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಅದಕ್ಕಿಂತ ಹತ್ತಿರ ಇನ್ನೊಬ್ಬಳಿದ್ದಾಳೆ, ನಮ್ಮ ಆಶಾ ಕಾರ್ಯಕರ್ತೆ. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅಂದರೆ ಹೆಚ್ಚುಕಡಿಮೆ ಯಾವ ತಾಯಿಯೂ ಲೆಕ್ಕದ ಹೊರಗಿಲ್ಲ. ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಬಂದು ನೋಡಬೇಕು. ಬರುತ್ತಾಳೆ. ಜೋಲಿಯ ತಕ್ಕಡಿಗೆ ಕೂಸನ್ನು ಹಾಕುತ್ತಾಳೆ, ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ನೋಡುತ್ತಾಳೆ, ಕಂಕುಳಿಗೆ ಥರ್ಮಾಮೀಟರ್ ಇಡುತ್ತಾಳೆ, ಹೊಕ್ಕುಳು ನೋಡುತ್ತಾಳೆ, ತಾಯಿಗೆ ಜ್ವರವಿದೆಯೇ, ರಕ್ತಸ್ರಾವವಿದೆಯೇ ಎಂದು ವಿಚಾರಿಸಿ ಫಾರಂ ತುಂಬುತ್ತಾಳೆ. ಮನಸ್ಸಿನ ವಿಚಾರಕ್ಕೆ ಅಷ್ಟು ಹೊತ್ತು, ಅಷ್ಟು ಶ್ರದ್ಧೆ ಎಲ್ಲಿ ಉಳಿಯುತ್ತದೆ? ಅವಳನ್ನು ದೂರಬೇಡಿ. ಹತ್ತಾರು ಸಮೀಕ್ಷೆಗಳನ್ನು ಅವಳ ತಲೆಗೆ ಕಟ್ಟಿ, ಗೌರವಧನ ಹೆಚ್ಚಿಸಿ ಎಂದು ರಸ್ತೆಯಲ್ಲಿ ಕೂರುವಂತೆ ಮಾಡಿದವರು ನಾವು.

ಅವಳಿಂದ ಆಗುತ್ತದೆಯೇ ಎಂಬ ಅನುಮಾನವಿದ್ದರೆ ಗಡಿಯಾಚೆ ನೋಡಿ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಮ್ಮ ಆಶಾಗಳಂಥದ್ದೇ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಖಿನ್ನತೆ ಇದ್ದ ತಾಯಂದಿರ ಮನೆಗೆ ಕಳಿಸಿ, ಕೂತು ಮಾತಾಡಿಸುವ ಪ್ರಯೋಗ ನಡೆಯಿತು. 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಕೂಸಿಗೆ ಆರು ತಿಂಗಳಾಗುವ ಹೊತ್ತಿಗೆ, ಆ ರೀತಿ ಮಾತಾಡಿಸಿದ ತಾಯಂದಿರಲ್ಲಿ ಖಿನ್ನತೆ ಉಳಿದಿದ್ದು ಶೇ 23 ಮಂದಿಗೆ, ಸುಮ್ಮನೆ ಹೋಗಿ ಬಂದ ಕಡೆ ಶೇ 53 ಮಂದಿಗೆ. ಮನೋವೈದ್ಯರು ಊರೂರು ಅಲೆಯಲಿಲ್ಲ. ಕಲಿಸಿಕೊಟ್ಟರು, ಊರಿನ ಹೆಂಗಸರೇ ಮಾಡಿದರು.

ಜಿಲ್ಲಾ ಆರೋಗ್ಯ ಇಲಾಖೆಯವರೇ, ಹೊಸ ಕಟ್ಟಡ ಬೇಡ, ಉದ್ಘಾಟನೆ ಬೇಡ. ಎಡಿನ್‌ಬರೋ ಪ್ರಶ್ನಾವಳಿ ಈ ಖಿನ್ನತೆಯನ್ನು ಗುರುತಿಸಲು 1987ರಿಂದ ಜಗತ್ತಿನಲ್ಲಿ ಬಳಕೆಯಲ್ಲಿದೆ, ಕನ್ನಡದಲ್ಲೂ ಇದೆ. ಹತ್ತೇ ಪ್ರಶ್ನೆ, ಐದು ನಿಮಿಷದ ಕೆಲಸ. 42ನೇ ದಿನದ ಭೇಟಿಯಲ್ಲಿ ಅದನ್ನು ಕೇಳಿಸಿ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಕೂಸಿಗೆ ಲಸಿಕೆ ಹಾಕಿಸಲು ತಾಯಿ ತಾನಾಗಿ ನಿಮ್ಮ ಬಾಗಿಲಿಗೆ ಬರುತ್ತಾಳೆ, ಆಗ ಇನ್ನೊಮ್ಮೆ ಕೇಳಿಸಿ. ಅತ್ತೆಯನ್ನು ಹೊರಗೆ ಕೂರಿಸಿ ಕೇಳಿಸಿ. ಉತ್ತರ ತಾಯಿ ಕಾರ್ಡಿನಲ್ಲಿ ದಾಖಲಾಗಲಿ.

ಮಠಗಳ ಜಿಲ್ಲೆ ನಮ್ಮದು, ಒಂದೊಂದು ಸಮುದಾಯಕ್ಕೂ ಒಂದೊಂದು ಪೀಠ. ಸ್ವಾಮೀಜಿಗಳೇ, ಸಾಮೂಹಿಕ ಮದುವೆಗಳಲ್ಲಿ ನೂರಾರು ಜೋಡಿಗೆ ಆಶೀರ್ವಾದ ಮಾಡುತ್ತೀರಿ. ವರ್ಷದೊಳಗೆ ಅವರಲ್ಲಿ ಎಷ್ಟೋ ಮನೆಯಲ್ಲಿ ತೊಟ್ಟಿಲು ಕಟ್ಟುತ್ತಾರೆ. ಆ ವೇದಿಕೆಯಲ್ಲೇ ಮದುಮಗನಿಗೆ ಎರಡು ಮಾತು ಹೇಳಿ, ಹೆರಿಗೆಯ ನಂತರ ಹೆಂಡತಿಯ ಮನಸ್ಸನ್ನೂ ನೋಡಿಕೋ ಎಂದು. ಸಾಣೇಹಳ್ಳಿಯ ಶಿವಸಂಚಾರ 1997ರಿಂದ ನಾಡೆಲ್ಲ ನಾಟಕ ಕಟ್ಟಿಕೊಂಡು ತಿರುಗುತ್ತಿದೆ. ಒಬ್ಬ ಬಾಣಂತಿಯ ನಾಟಕವೂ ಆ ಲಾರಿಯಲ್ಲಿ ಹೊರಡಲಿ. ಗೊಲ್ಲ ಗುರುಪೀಠದ ಸ್ವಾಮೀಜಿಗಳೇ, ಹಟ್ಟಿಯ ಗೌಡರೇ, ಪೂಜಾರರೇ, ಪೊಲೀಸರು ಬಂದು ಗುಡಿಸಲು ಕಿತ್ತರೆ ನಾಳೆ ಇನ್ನೊಂದು ಕಡೆ ಏಳುತ್ತದೆ. ನೀವು ಒಂದು ಮಾತು ಹೇಳಿದರೆ ಏಳುವುದಿಲ್ಲ. ಎಷ್ಟೋ ಹಟ್ಟಿಗಳಲ್ಲಿ ಬಾಣಂತಿ ಮನೆಯೊಳಗೇ ಇದ್ದಾಳೆ, ಅಲ್ಲಿನ ದೇವರೂ ಅಲ್ಲೇ ಇದ್ದಾನೆ, ಕುರಿಗಳೂ ಮೇಯುತ್ತಿವೆ.

ಕೊನೆಗೆ ನಿನಗೆ, ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಇದನ್ನು ಓದುತ್ತಿರುವವಳಿಗೆ. ನೀನು ಕೆಟ್ಟ ತಾಯಿಯಲ್ಲ. ಮಗುವಿನ ಮೇಲೆ ಪ್ರೀತಿ ಉಕ್ಕುತ್ತಿಲ್ಲವೆಂದು ಹೆದರಬೇಡ, ಕಾಯಿಲೆ ಇಳಿದ ಮೇಲೆ ಅದು ಬರುತ್ತದೆ. ಒಬ್ಬರಿಗೆ ಹೇಳು: ಅಮ್ಮನಿಗೆ, ಗೆಳತಿಗೆ, ಆಶಾಗೆ, ನರ್ಸಮ್ಮನಿಗೆ. ಮೊದಲನೆಯವರು ನಕ್ಕರೆ ಎರಡನೆಯವರಿಗೆ ಹೇಳು. ಸಾಯಬೇಕು ಅನ್ನಿಸುತ್ತಿದ್ದರೆ, ಕೂಸಿಗೆ ಏನಾದರೂ ಮಾಡಿಬಿಡುತ್ತೇನೋ ಎಂಬ ಭಯ ಬರುತ್ತಿದ್ದರೆ ನಾಳೆವರೆಗೆ ಕಾಯಬೇಡ, ಒಂಟಿಯಾಗಿ ಇರಬೇಡ. ಈಗಲೇ ಪಕ್ಕದವರನ್ನು ಕೂಗು, ಆಸ್ಪತ್ರೆಗೆ ಹೋಗು, 14416ಕ್ಕೆ ಫೋನ್ ಮಾಡು.

ಮತ್ತೆ ಉಳಿದವರಿಗೆಲ್ಲ: ಅವಳು ಹೇಳಿದಾಗ ನಂಬಿ. ಆ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೂಸನ್ನು ನೀವು ಎತ್ತಿಕೊಳ್ಳಿ.